ಚಂಪವ್ವನ ಕಾಲು, ನನ್ನ ಬಾಯಿ

ಈ ಕಥೆಯನ್ನು ನಾನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿಲ್ಲ. ಹೇಳಿದರೆ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತು, "ಆ ಮುದುಕಿ ದನಿ ಮಾಡಿ ತೋರಿಸೇ" ಅನ್ನುತ್ತಾರೆ. ಪ್ರಾಂಶುಪಾಲರ ಕೆಮ್ಮು, ಬಸ್ ಕಂಡಕ್ಟರನ ಮೂಗು, ಸುದ್ದಿ ಓದುವವಳ ಉಸಿರು, ಹೀಗೆ ಕೇಳಿದ್ದನ್ನೆಲ್ಲ ಮಾಡಿ ತೋರಿಸಿ ಹೆಸರು ಕೆಡಿಸಿಕೊಂಡವಳು ನಾನು. ಕೆಟ್ಟದ್ದು ನನ್ನ ಹೆಸರೊಂದೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಆ ಊರಿಗೆ ಹೋದವರು ಮೊದಲು ಕೋಟೆಯ ಬಾಗಿಲಲ್ಲಿ ತಮ್ಮ ಚಪ್ಪಲಿ ಬಿಡಬೇಕು. ಬರಿಗಾಲಲ್ಲಿ ಓಡಾಡಬೇಕೆಂದಲ್ಲ. ಬಾಗಿಲ ಒಳಗೋಡೆಯುದ್ದಕ್ಕೂ ಕಲ್ಲಿನ ಹಲಗೆಗಳ ಮೇಲೆ ಊರಿನವರ ಚಪ್ಪಲಿಗಳಿರುತ್ತವೆ. ಅವುಗಳಲ್ಲಿ ತಮ್ಮ ಅಳತೆಯ ಒಂದು ಜೊತೆ ಮೆಟ್ಟಿಕೊಳ್ಳಬೇಕು. ಎಲ್ಲವೂ ತೀರಿಕೊಂಡವರವು. ಆಮೇಲೆ ಗೈಡೂ ಬೇಡ, ನಕ್ಷೆಯೂ ಬೇಡ. ಆ ಚಪ್ಪಲಿಯವರು ಬದುಕಿದ್ದಾಗ ದಿನಾ ಎಲ್ಲೆಲ್ಲಿ ಸುತ್ತುತ್ತಿದ್ದರೋ ಚಪ್ಪಲಿ ಅಲ್ಲೆಲ್ಲ ಸುತ್ತಿಸಿ ವಾಪಸ್ಸು ಬಾಗಿಲಿಗೆ ತಂದು ಬಿಡುತ್ತದೆ. ಊರು ನೋಡುವುದು ಅಂದರೆ ಅಲ್ಲಿ ಇಷ್ಟೇ.

ನಮ್ಮ ಮಹಿಳಾ ಕಾಲೇಜಿನಿಂದ ಹನ್ನೊಂದು ಜನ ಒಂದು ಭಾನುವಾರ ಮಿನಿ ಬಸ್ಸಿನಲ್ಲಿ ಹೋಗಿದ್ದೆವು. ಇತಿಹಾಸದವರು ಕೋಟೆ ನೋಡಲು. ರಸಾಯನಶಾಸ್ತ್ರದ ನಾನು ರಸವನ್ನೂ ಅಯನವನ್ನೂ ಒಟ್ಟಿಗೆ ಮುಗಿಸಲು. ಬೆಳಗ್ಗೆ ಒಂಬತ್ತೂವರೆಗೆ ಇಳಿದಾಗ ಬಾಗಿಲಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಔಡಲೆಣ್ಣೆಯ ಬಟ್ಟಲಿಟ್ಟುಕೊಂಡು ಚಿಂದಿಯಿಂದ ಚಪ್ಪಲಿಗಳನ್ನು ತಿಕ್ಕುತ್ತಿದ್ದಳು. ಹೆಸರು ಮಾನವ್ವ.

"ಮೂರು ದಿನ ಯಾರೂ ಮೆಟ್ಟದಿದ್ರ ಬಿರೀತಾವ್ರಿ. ನೀವು ಬಂದ್ರಿ, ಪುಣ್ಯ ಬಂತು" ಅಂದಳು.

"ಮೆಟ್ಟು ಮೆಟ್ಟಿ ಮೆಟ್ಟಿಲು ಹತ್ತುವುದೋ?" ಎಂದೆ. ಸಹೋದ್ಯೋಗಿ ಪ್ರಫುಲ್ಲಾ ನಕ್ಕಳು. ಮಾನವ್ವ ನಗಲಿಲ್ಲ. ನನ್ನ ಪಾದವನ್ನೇ ನೋಡಿ, ಸ್ವಲ್ಪ ತಡೆದು, ತುದಿಯ ಹಲಗೆಯಿಂದ ಒಂದು ಜೊತೆ ತೆಗೆದಳು. ಹಿಮ್ಮಡಿ ಸವೆದ, ಅಂಗುಷ್ಠದ ಗುರುತು ಆಳವಾಗಿ ಕೂತ ಚಪ್ಪಲಿ.

"ಇವು ನಮ್ಮವ್ವನವು. ಚಂಪವ್ವ ಅಂತ. ಎರಡು ವರ್ಷ ಆತ್ರಿ ಹೋಗಿ. ನಿಮ್ಮ ಅಳತೀಗೆ ಇವ ಬರ್ತಾವ." ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಡುವ ಬಿಡಬ್ಯಾಡ್ರಿ, ಬಿಟ್ರ ಅಲ್ಲೇ ಕುಂತಬಿಡ್ತಾವ. ಯಾರರ ಮಾತಾಡಿಸಿದ್ರ ನಿಮ್ಮ ಮಾತು ನೀವು ಆಡ್ರಿ. ಕಾಲಷ್ಟ ಅವರವು. ಬಾಯಿ ನಿಮ್ಮದು."

"ಪಾಲಿಗೆ ಬಂದದ್ದು ಪಂಚಾಮೃತ, ಕಾಲಿಗೆ ಬಂದದ್ದು ಚರ್ಮಾಮೃತ" ಎಂದು ಮೆಟ್ಟಿಕೊಂಡೆ. ಕಾಲು ತಾನಾಗಿ ಎದ್ದಿತು.

ಪ್ರಫುಲ್ಲಾಳಿಗೆ ಸಿಕ್ಕಿದ್ದು ಯಾರೋ ಆಲಸಿಯವು. ಅರಳಿಕಟ್ಟೆಯವರೆಗೆ ಹೋಗಿ, ಅಲ್ಲಿ ಅರ್ಧ ಗಂಟೆ ಕೂರಿಸಿ, ವಾಪಸ್ಸು ತಂದುಬಿಟ್ಟವು. ಅವಳು ಬರಿಗಾಲಲ್ಲೇ ಓಡಿ ಬಂದು ನನ್ನನ್ನು ಕೂಡಿಕೊಂಡಳು. ಚಂಪವ್ವನ ಚಪ್ಪಲಿಗೆ ಅವಸರವಿರಲಿಲ್ಲ. ಗೋಡೆಯ ಗೂಡುಗಳಲ್ಲಿ ಪಾರಿವಾಳ ತುಂಬಿದ ಹಳೇ ಉಗ್ರಾಣ, ಹಣಮಂತನ ಗುಡಿ, ಹಿಟ್ಟಿನ ಗಿರಣಿ, ಎಲ್ಲ ಕಡೆಯೂ ಅವು ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದವು. ಆ ಊರಿನವರು ಹೊರಗಿನವರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಗಿರಣಿಯವನು ಯಂತ್ರದ ಸದ್ದಿನಲ್ಲೇ ನನ್ನ ಕಾಲಿಗೆ "ಬಂದ್ಯಾ ಚಂಪಕ್ಕಾ?" ಎಂದ. ಉತ್ತರ ಬೇಕಿರಲಿಲ್ಲ ಅವನಿಗೆ. ಪಕ್ಕದಲ್ಲಿದ್ದ ಹೆಂಡತಿಗೆ, "ಹೂಂ ಮತ್ತ, ಬರದ ಎಲ್ಲಿ ಹೋಗ್ಲಿ, ಅಂತಿದ್ಲು ನೋಡು" ಎಂದು ಮೂಗಿನಲ್ಲಿ ಎಳೆದು ನಗಿಸಿದ.

ನನ್ನ ಕಿವಿ ನೆಟ್ಟಗಾಯಿತು. ದನಿಗಳನ್ನು ನಾನು ಹೀಗೆಯೇ ಕದಿಯುವುದು, ಚೂರುಚೂರಾಗಿ.

ಕಲ್ಯಾಣಿಯ ಮೆಟ್ಟಿಲ ಮೇಲೆ ಚಪ್ಪಲಿ ನನ್ನನ್ನು ಕೂರಿಸಿತು. ಅಲ್ಲಿ ಎಲೆ ಮಾರುವ ಹುಸೇನಸಾಬರು ಕೇಳದೆಯೇ ಒಂದು ಎಲೆ ಒರೆಸಿ, ಸುಣ್ಣ ಹಚ್ಚಿ, ನನ್ನ ಪಾದದ ಬಳಿ ಇಟ್ಟರು.

"ಚಂಪವ್ವ ಹೇಗೆ ಮಾತಾಡ್ತಿದ್ರು ತಾತ?" ಎಂದೆ.

"ಮಾತಿನ ಕಡೀ ಅಕ್ಷರ ಕುಂದ್ರಿಸಿಬಿಡ್ತಿದ್ಲು ತಂಗಿ. ಕೊಡ ಇಳಿಸಿದಂಗ." ಮಾಡಿ ತೋರಿಸಿದರು. ಸರಿಬರಲಿಲ್ಲ. ಗಿರಣಿಯವನ ಮೂಗಿಗೆ ಇವರ ಕೊಡವನ್ನು ಸೇರಿಸಿ ನಾನು ಮೆಲ್ಲಗೆ, "ಹೂಂ ಮತ್ತ, ಸುಣ್ಣ ಹೆಚ್ಚಾತು" ಎಂದೆ. ಸಾಬರ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಆ ನಿಂತ ಕೈಯನ್ನು ನೋಡಿ ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಅದನ್ನು ಚಪ್ಪಾಳೆ ಎಂದು ತಿಳಿದೆ.

"ಇನ್ನ ಎಲ್ಲಿಗೆ ಹೋಗ್ತಾವ ಗೊತ್ತೈತೇನು?" ಎಂದರು ಸಾಬರು. "ಕಲ್ಲುಬಾವಿ ಓಣಿ, ಇಂದ್ರವ್ವನ ಬಾಗಲಿಗೆ." ಆಮೇಲೆ ಕಥೆ ಹೇಳಿದರು. ಚಂಪವ್ವ, ಇಂದ್ರವ್ವ ಇಬ್ಬರೂ ಕೂಡಿ ಹಳೇ ಬಟ್ಟೆಯ ಚೂರು ಜೋಡಿಸಿ ಕೌದಿ ಹೊಲಿಯುವವರು. ಈ ತುದಿಯಿಂದ ಒಬ್ಬಳು, ಆ ತುದಿಯಿಂದ ಒಬ್ಬಳು ಹೊಲಿಯುತ್ತ ಬಂದು ನಡುವೆ ಕೂಡುತ್ತಿದ್ದರು. ಕೂಡಿದ ಮೇಲೆ ಇಬ್ಬರೂ ತಮ್ಮತಮ್ಮ ಸೂಜಿ ಎಣಿಸಿದ ಹೊರತು ಕೌದಿ ಮಡಚುವಂತಿಲ್ಲ, ಅದು ಪದ್ಧತಿ. ಹದಿಮೂರು ವರ್ಷದ ಹಿಂದೆ ಇಂದ್ರವ್ವನಿಗೆ ಮೊದಲ ಮೊಮ್ಮಗಳು ಹುಟ್ಟಿದಾಗ ಇಬ್ಬರೂ ಸೇರಿ ತೊಟ್ಟಿಲಿಗೆ ಒಂದು ಕೌದಿ ಹೊಲಿದರು. ನಗುವಿನ ಭರದಲ್ಲಿ ಎಣಿಸುವುದು ಮರೆತರು. ಮುರಿದ ಸೂಜಿಯ ಮೊನೆ ಕೂಸಿನ ಅಂಗಾಲಿಗೆ ಹೊಕ್ಕಿತು.

"ಕೀವಾಗಿ ಕೊಯ್ಸಬೇಕಾತು. ಈಗೂ ಕುಂಟತೈತಿ ಹುಡುಗಿ. ಸೂಜಿ ಯಾರದು? ಚಂಪವ್ವ ನಂದಲ್ಲ ಅಂದ್ಲು, ಇಂದ್ರವ್ವ ನಂದಲ್ಲ ಅಂದ್ಲು. ಇಂದ್ರವ್ವನ ಸೊಸಿ ಶಿವಲೀಲಾ ಚಂಪವ್ವಂದ ಅಂತ ಊರ ತುಂಬ ಬೈದ್ಲು. ಆವತ್ತಿಂದ ಸಾಯೂತನ, ಹನ್ನೊಂದು ವರ್ಷ, ಚಂಪವ್ವ ದಿನಾ ಹೋಗಿ ಆ ಬಾಗಲದಾಗ ನಿಂದರತಿದ್ಲು. ಬಾಯಿ ಬಿಡ್ತಿದ್ದಿಲ್ಲ. ಒಂದು ಎಲಿ ಮೆಲ್ಲೂ ಅಷ್ಟೊತ್ತು ನಿಂತು ಹೊಳ್ಳಿ ಬರ್ತಿದ್ಲು."

"ಯಾಕೆ?"

"ಯಾಕಂತ ಆಕಿಗೇ ಗೊತ್ತು. ನಾ ಮಾತ್ರ ಆಕಿ ಅಲ್ಲ ಅಂತೀನಿ."

ನಾನು ಓದಿದವಳು, ಲೆಕ್ಕ ಹಾಕಿದೆ. ಬಾಗಿಲಲ್ಲಿ ಬಂದು ನಿಲ್ಲುವವಳು ಯಾರು? ಹೇಳಿಕೊಳ್ಳಬೇಕಾದ್ದು ಇದ್ದವಳು. ತಪ್ಪು ಮಾಡಿದವಳು. ಇಷ್ಟು ಸುಲಭದ ಉತ್ತರ ಇಡೀ ಊರಿಗೆ ಹೊಳೆದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಕಲ್ಲುಬಾವಿ ಓಣಿಯ ನೀಲಿ ಬಾಗಿಲಿನೆದುರು ಚಪ್ಪಲಿ ನಿಂತಿತು, ಹೊಸ್ತಿಲಿಗೆ ಬೆರಳು ತಾಗುವಷ್ಟು ಹತ್ತಿರ. ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಹಳೇ ಬಟ್ಟೆ ಹರಿಯುತ್ತಿದ್ದರು, ಚರ್ರ್, ಚರ್ರ್. ನಾವು ನಿಂತ ಕೂಡಲೇ ಆ ಸದ್ದೂ ನಿಂತಿತು. ಪ್ರಫುಲ್ಲಾ ಮೊಣಕೈಯಿಂದ ತಿವಿದಳು. "ವನೂ, ಮಾಡೇ. ಒಂದೇ ಸಲ ಕಣೇ."

ಅವಳ ಮೇಲೆ ಹಾಕುವುದು ತಪ್ಪು. ಅವಳು ತಿವಿಯದಿದ್ದರೂ ಮಾಡುತ್ತಿದ್ದೆ.

"ಹೂಂ ಮತ್ತ, ಇಂದ್ರವ್ವಾ" ಎಂದೆ. ದನಿ ಅಷ್ಟು ಚೆನ್ನಾಗಿ ಬಂತೆಂದರೆ ನನ್ನ ಬೆನ್ನೇ ಜುಮ್ಮೆಂದಿತು. "ಸೂಜಿ ನಂದ."

ಒಳಗೆ ಏನೂ ಅಲುಗಲಿಲ್ಲ. ಅಲುಗಿದ್ದು ಬಾವಿಕಟ್ಟೆ. ಅಲ್ಲಿ ಕೊಡ ತುಂಬುತ್ತಿದ್ದ ಹೆಂಗಸೊಬ್ಬಳು ಹಗ್ಗ ಬಿಟ್ಟು ಓಡಿ ಬಂದಳು. ಅವಳೇ ಸೊಸೆ ಶಿವಲೀಲಾ. ನನ್ನ ಮುಖವನ್ನು ನೋಡಲೇ ಇಲ್ಲ. ಕಾಲು ನೋಡಿ ಎದೆ ಬಡಿದುಕೊಂಡಳು. "ಕೇಳಿದಿರೇನ್ರೇ! ಚಂಪವ್ವ ಒಪ್ಪಿಕೊಂಡ್ಳು! ಸತ್ತ ಎರಡು ವರ್ಷಕ್ಕ ಬಾಯಿ ಬಿಟ್ಲು! ನನ್ನ ಮಗಳ ಕಾಲು ತಿಂದಾಕಿ ಒಪ್ಪಿಕೊಂಡ್ಳು!"

ಕಿಟಕಿಗಳು ತೆರೆದವು. "ನಾನೂ ಕೇಳಿದ್ನಿ ಬಿಡು, ಅದ ದನಿ" ಎಂದರು ಒಬ್ಬರು. "ಹಂಗಾರ ಆಕೀನ!" ಎಂದರು ಇನ್ನೊಬ್ಬರು. ಪ್ರಫುಲ್ಲಾಳ ಕಿಸಿಕಿಸಿ ಅರ್ಧಕ್ಕೇ ನಿಂತಿತು. ನಾನು "ಅಯ್ಯೋ, ಅದು ನಾನು, ಸುಮ್ಮನೆ..." ಎನ್ನುವಷ್ಟರಲ್ಲಿ ಚಪ್ಪಲಿ ತಿರುಗಿ ನಡೆಯತೊಡಗಿತು.

ಓಡಬೇಕೆನಿಸಿತು, ಆಗಲಿಲ್ಲ. ಎಪ್ಪತ್ತು ವರ್ಷದ ಮುದುಕಿಯ ನಡಿಗೆ ಅದು. ಬಿಟ್ಟು ಓಡಿದರೆ ಅಲ್ಲೇ ಕೂರುತ್ತವೆ. ಬಂದ ದಾರಿಯಲ್ಲೇ ಹಿಂದಿರುಗಿದವು, ಆದರೆ ಸುದ್ದಿ ನನಗಿಂತ ಬೇಗ ನಡೆದಿತ್ತು. ಗಿರಣಿಯವನು ಕಾಲು ನೋಡಿ ಮುಖ ತಿರುಗಿಸಿದ. ಗುಡಿಯ ಕಟ್ಟೆಯ ಮೇಲಿದ್ದ ಹೆಂಗಸರು ಸೆರಗು ಎಳೆದುಕೊಂಡು ಜರುಗಿ ಕೂತರು. ಕಲ್ಯಾಣಿಯಲ್ಲಿ ಚಪ್ಪಲಿ ಅಭ್ಯಾಸದಂತೆ ಕೂರಿಸಿತು. ಹುಸೇನಸಾಬರು ಎಲೆ ಕೊಡಲಿಲ್ಲ. ಬುಟ್ಟಿಯ ಮೇಲೆ ಹಸಿ ಬಟ್ಟೆ ಹೊದಿಸುತ್ತ, ಚಪ್ಪಲಿಗೇ ಹೇಳಿದರು: "ಹದಿಮೂರು ವರ್ಷ ನಿನ್ನ ಪರ ಮಾತಾಡಿದ್ನಲ್ಲ ಚಂಪವ್ವಾ."

"ತಾತ, ಅದು ನಾನು" ಎಂದೆ. ನನ್ನ ಸ್ವಂತ ದನಿ ಆಗ ಎಷ್ಟು ತೆಳ್ಳಗಿತ್ತು! ಅವರು ತಲೆಯೆತ್ತಲಿಲ್ಲ.

ಸತ್ತ ಹೆಂಗಸೊಬ್ಬಳಿಗೆ ಬಿದ್ದ ಉಗುಳು ಅದು. ಅವಳ ಕಾಲ ಮೇಲೆ ನಿಂತಿದ್ದರಿಂದ ನನಗೂ ಸಿಡಿಯಿತು, ಅಷ್ಟೇ.

ಕೋಟೆ ಬಾಗಿಲಲ್ಲಿ ಮಾನವ್ವ ಎದ್ದು ನಿಂತಿದ್ದಳು. ಎಣ್ಣೆಯ ಬಟ್ಟಲು ಮಗುಚಿಕೊಂಡಿತ್ತು. "ನಮ್ಮವ್ವ ಹಂಗಂದ್ಲೇನ್ರಿ?" ಎಂದಳು. ಕೇಳುವಾಗಲೇ ಅವಳು ಅರ್ಧ ನಂಬಿದ್ದಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮಗಳೂ ನಂಬುವಷ್ಟು ಕುಶಲಿ ನಾನು.

"ಇಲ್ಲ. ನಾನು ಅಂದೆ. ತಮಾಷೆಗೆ."

ಬೈಯಲಿಲ್ಲ. ಚಪ್ಪಲಿ ಬಿಚ್ಚಿಸಿಕೊಂಡಳು. ನನ್ನವನ್ನು ಕೊಡಲಿಲ್ಲ. "ಹೋಗಿ ಅಲ್ಲೇ ಹೇಳ್ರಿ. ನಿಮ್ಮ ಕಾಲಮ್ಯಾಲೆ ಹೋಗ್ರಿ."

ಮಧ್ಯಾಹ್ನದ ಕಲ್ಲು ಕಾದಿತ್ತು. ಬರಿಗಾಲಲ್ಲಿ ಹೋದೆ. ಕಲ್ಲುಬಾವಿ ಓಣಿಯಲ್ಲಿ ಜನ ಇನ್ನೂ ಗುಂಪಾಗಿದ್ದರು. ಕೈಮುಗಿದು ಹೇಳಿದೆ: ನಾನು ಅನುಕರಣೆ ಮಾಡುವವಳು, ಎಲ್ಲರದನ್ನೂ ಮಾಡುತ್ತೇನೆ, ಆ ಮಾತು ಚಂಪವ್ವನದಲ್ಲ.

"ಹೌದಾ?" ಎಂದಳು ಶಿವಲೀಲಾ ಸೊಂಟಕ್ಕೆ ಕೈಯಿಟ್ಟು. "ಹಂಗಾರ ಈಗ ಮಾಡು. ಕಾಲಾಗ ಆಕಿ ಚಪ್ಪಲಿ ಇಲ್ಲಲ್ಲ, ಮಾಡು ನೋಡೂನು."

ಮಾಡಬೇಕಾಯಿತು. ಕೆಟ್ಟದಾಗಿ ಬರಲಿ ಎಂದು ಮೊದಲ ಬಾರಿಗೆ ಬೇಡಿಕೊಂಡೆ. "ಹೂಂ ಮತ್ತ" ಎನ್ನುತ್ತಿದ್ದಂತೆ ಹಿಂದೆ ನಿಂತಿದ್ದ ಒಬ್ಬ ಮುದುಕಿ ಬಿಕ್ಕಿದಳು. "ಅಕಿನ. ಅಕಿನ ಇದು. ಇನ್ನೂ ಈ ಹೆಣ್ಣುಮಗಳ ಮೈಯಾಗ ಅದಾಳ." ಮುಗಿಯಿತು. ನಾನು ಎಷ್ಟು ನಿಜ ಹೇಳಿದರೂ ಅದು ಚಂಪವ್ವ ನನ್ನ ಬಾಯಿಂದ ಹೇಳಿಸುವ ಹೊಸ ಸುಳ್ಳಾಗುತ್ತಿತ್ತು.

ಆಗ ನೀಲಿ ಬಾಗಿಲು ಒಂದು ಗೇಣು ತೆರೆದು, ಒಂದು ಒಣ ಕೈ ನನ್ನನ್ನು ಒಳಗೆ ಕರೆಯಿತು. ಒಳಹೋದ ಮೇಲೆ ಚಿಲಕ ಬಿತ್ತು. ಇಂದ್ರವ್ವ ಬಟ್ಟೆಯ ಚೂರುಗಳ ನಡುವೆ ಕೂತಳು. ನನಗೂ ಒಂದು ಚೂರು ಹಾಸಿದಳು.

"ನಮ್ಮ ಚಂಪಿ ನನ್ನ ಎಂದೂ ಇಂದ್ರವ್ವ ಅಂದಾಕಿ ಅಲ್ಲವಾ" ಎಂದಳು. "ಇಂದೂ ಅಂತಿದ್ಲು. ನೀ ಬಾಯಿ ತಗದ ಕೂಡಲೆ ಗೊತ್ತಾತು ನನಗ."

"ಮತ್ತೆ ಯಾಕೆ ಸುಮ್ಮನಿದ್ರಿ ಅಜ್ಜಿ?"

ಉತ್ತರಕ್ಕೆ ಬದಲು ಕುಂಕುಮದ ಕರಡಿಗೆ ತೆರೆದಳು. ಒಳಗೆ ಅರ್ಧ ಸೂಜಿ. ಅದರ ಕಣ್ಣಿನಲ್ಲಿ ಇನ್ನೂ ಒಂದು ಎಳೆ ಕೆಂಪು ದಾರ.

"ಕೂಸಿನ ಕಾಲಾಗ ಹೊಂಟದ್ದು ಮೊನಿ. ಇದು ಉಳಿದದ್ದು. ಕೂಸು ಅತ್ತ ಮ್ಯಾಲೆ ಹೋಗಿ ನನ್ನ ಸೂಜಿಚೆಂಡು ನೋಡಿದ್ನಿ, ಅದರಾಗ ಇತ್ತು. ಅಷ್ಟೊತ್ತಿಗೆ ಸೊಸಿ ಚಂಪಿನ ಬೈಯಾಕ ಹತ್ತಿದ್ಲು. ಬೈಯೂದು ಮುಗೀಲಿ, ಆಮ್ಯಾಲೆ ಹೇಳೂನು ಅಂದ್ನಿ. ಹದಿಮೂರು ವರ್ಷ ಆತು. ಇನ್ನೂ ಮುಗಿದಿಲ್ಲ."

"ಚಂಪವ್ವನಿಗೆ ಗೊತ್ತಿತ್ತಾ?"

"ಮೊನಿ ಮುರಿದದ್ದು ಕೆಂಪು ಹೊಲಿಗ್ಯಾಗ. ಕೆಂಪು ದಾರ ನನ್ನ ತುದೀದು. ಗೊತ್ತಿಲ್ಲದ ಇರತದ? ಬೈಯಾಕ ಬರ್ತಿದ್ದಿಲ್ಲ ಆಕಿ. ಇವತ್ತರ ಇಂದೂ ಬಾಗಲ ತಗದು ಹೇಳ್ತಾಳ ಅಂತ ಬಂದು ನಿಂದರತಿದ್ಲು. ನಾ ಒಳಗ ಉಸುರು ಹಿಡಕೊಂಡು ಕುಂದರತಿದ್ನಿ." ಸ್ವಲ್ಪ ಹೊತ್ತು ದಾರವನ್ನು ಬೆರಳಿಗೆ ಸುತ್ತಿದಳು. "ಇವತ್ತು ನೀ ಅಂದಿ. ಸೊಸಿ ಓಣಿ ತುಂಬ ಕೂಗಿದ್ಲು. ಒಂದು ಗಳಿಗಿ ಹಗರಾತವಾ ನನಗ. ಥೂ. ಸತ್ತಾಕಿ ಮ್ಯಾಲೆ ಹೊರೆ ಹಾಕಿ ಹಗರಾತು."

ನನ್ನ ಲೆಕ್ಕ ನೆನಪಾಯಿತು: ಬಾಗಿಲಲ್ಲಿ ನಿಲ್ಲುವವಳೇ ತಪ್ಪು ಮಾಡಿದವಳು. ಕಾಯುವವಳೂ ನಿಂತಿರುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ.

ಇಂದ್ರವ್ವ ಮುಂದಕ್ಕೆ ಬಾಗಿದಳು. "ನೀ ನನ್ನ ದನಿ ಮಾಡ್ತಿಯೇನು? ನಾ ಇಲ್ಲೇ ಕತ್ತಲದಾಗ ಕುಂದರತೀನಿ. ನೀ ಬಾಗಲ ಸಂದ್ಯಾಗ ನಿಂತು ನನ್ನ ದನೀಲೆ ಅಂದುಬಿಡು, ಸೂಜಿ ನಂದು ಅಂತ. ನನಗ ಬಾಯಿ ಬರೂದಿಲ್ಲವಾ."

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಆಕೆ ಕೇಳುವ ಮೊದಲೇ, ಅಷ್ಟೆಲ್ಲ ಆಗಿದ್ದರೂ, ನನ್ನ ನಾಲಗೆ ಆಕೆಯ ದನಿಯನ್ನು ಅಳೆದಿಟ್ಟುಕೊಂಡಿತ್ತು: ಬಿದ್ದ ಹಲ್ಲುಗಳ ಸಂದಿಯಲ್ಲಿ ಜಾರುವ ಗಾಳಿ, ಮಾತು ತುದಿಗೆ ಬಂದಾಗ ಏರುವ ಎಳೆ. ಮಾಡಬಹುದಿತ್ತು. ಓಣಿ ನಂಬುತ್ತಿತ್ತು. ನಿಜವೇ ಹೇಳಿದಂತಾಗುತ್ತಿತ್ತು, ನಾನು ಐದು ಗಂಟೆಗೆ ಹೊರಡುವ ನಮ್ಮ ಬಸ್ಸನ್ನು ಹಗುರಾಗಿ ಹತ್ತಬಹುದಿತ್ತು.

"ನನಗೆ ಬರೋದಿಲ್ಲ ಅಜ್ಜಿ" ಎಂದೆ. ಆ ದಿನದ ನನ್ನ ಎರಡನೆಯ ಸುಳ್ಳು.

ಆಕೆ ಬಹಳ ಹೊತ್ತು ನನ್ನ ಮುಖ ನೋಡಿದಳು. ಆ ಊರಿನಲ್ಲಿ ನನ್ನ ಮುಖ ನೋಡಿದವಳು ಆಕೆಯೊಬ್ಬಳೇ. ಆಮೇಲೆ ಗೋಡೆ ಹಿಡಿದು ಎದ್ದು, ಕರಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹಿತ್ತಿಲ ಬಾಗಿಲಿಂದ ಹೊರಟಳು. ನಾನು ಹಿಂದೆ ಹೋದೆ. ಕೈ ಹಿಡಿಯಲು ಹೋದರೆ ಕೊಡವಿದಳು.

ಕೋಟೆ ಬಾಗಿಲಲ್ಲಿ ಮಾನವ್ವ ತಾಯಿಯ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಂದ್ರವ್ವನನ್ನು ಕಂಡು ಏಳಲಿಲ್ಲ. ಇಂದ್ರವ್ವ ತಾನೇ ಬಾಗಿ ಅವನ್ನು ತೆಗೆದು ನೆಲಕ್ಕಿಟ್ಟು ಕಾಲು ತೂರಿಸಿದಳು. ಅಳತೆ ದೊಡ್ಡದಾಯಿತು. ಆದರೂ ಚಪ್ಪಲಿ ಎದ್ದಿತು. ಆವತ್ತು ಅದು ಗುಡಿಗೂ ತಿರುಗಲಿಲ್ಲ, ಗಿರಣಿಯ ಬಳಿಯೂ ನಿಲ್ಲಲಿಲ್ಲ, ಕಲ್ಯಾಣಿಯಲ್ಲಿ ಕೂರಲಿಲ್ಲ. ನೆಟ್ಟಗೆ ಕಲ್ಲುಬಾವಿ ಓಣಿಗೆ ಹೋಗಿ, ಇಂದ್ರವ್ವನನ್ನು ಅವಳ ಮನೆಯ ಬಾಗಿಲಿಗೇ ತಂದು ನಿಲ್ಲಿಸಿತು. ಹೊಸ್ತಿಲಿಗೆ ಬೆರಳು ತಾಗುವಷ್ಟು ಹತ್ತಿರ.

ಅಷ್ಟರಲ್ಲಿ ಹಿತ್ತಿಲಿಂದ ಒಳಹೋಗಿ ಚಿಲಕ ತೆಗೆದಿದ್ದ ಶಿವಲೀಲಾ ಒಳಗಿನಿಂದ ಬಂದಳು. "ಇದೇನ್ರಿ ಅತ್ತಿ, ಯಾವಾಗ ಹೊರಗ ಹೋಗಿದ್ರಿ? ಒಳಗ ಬರ್ರಿ. ಅಯ್ಯ, ಆ ಹಾಳು ಚಪ್ಪಲಿ ಯಾಕ ಮೆಟ್ಟೀರಿ?"

"ಇಲ್ಲೇ ನಿಂದರತೀನಿ" ಎಂದಳು ಇಂದ್ರವ್ವ. ಸೆರಗಿನ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯ ಮಾಡಲಿಲ್ಲ. "ಸೂಜಿ ನಂದು" ಎಂದಳು. ದನಿ ಏಳಲಿಲ್ಲ, ಓಣಿಗೆ ಕೇಳಲಿಲ್ಲ. ಕೆಮ್ಮಿ ಮತ್ತೊಮ್ಮೆ ಹೇಳಿದಳು. "ಚಂಪೀದಲ್ಲ. ನಂದು. ಇಲ್ಲೈತಿ ನೋಡು, ಇನ್ನರ್ಧ."

ಶಿವಲೀಲಾ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಕೆಂಪು ದಾರವನ್ನು ಎಳೆದು ನೋಡಿದಳು. ಅವಳು ಕೂಗುತ್ತಾಳೆಂದು ಎಲ್ಲರೂ ಕಾದೆವು. ಕೂಗಲಿಲ್ಲ. "ಹದಿಮೂರು ವರ್ಷ ನನ್ನ ಬಾಯಿಲೆ ಆಕೀನ ಬೈಸಿದ್ರಿ?" ಎಂದಷ್ಟೇ ಅಂದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.

ಇಂದ್ರವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊಸ್ತಿಲು ದಾಟಿದಳು. ಚಪ್ಪಲಿ ಹಿಂದಿರುಗಲಿಲ್ಲ. ಒಳಮುಖವಾಗಿಯೇ ಉಳಿಯಿತು. ಮಾನವ್ವ ಬಂದು ಅವನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಕಂಕುಳಲ್ಲಿಟ್ಟುಕೊಂಡಳು.

ಇದರಲ್ಲಿ ನನ್ನ ಸುಳ್ಳಿನಿಂದಲೇ ನಿಜ ಹೊರಬಂತೆಂದು ಪ್ರಫುಲ್ಲಾ ಬಸ್ಸಿನಲ್ಲಿ ಸಮಾಧಾನ ಹೇಳಿದಳು. ಆ ಸಮಾಧಾನ ನನಗೆ ಬೇಡ. ಆ ಮುದುಕಿ ಹೋಗದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಗೊತ್ತು: ಐದು ಗಂಟೆಯ ಬಸ್ಸು ಹತ್ತುತ್ತಿದ್ದೆ.

ಆದರೆ ಹೇಳಬೇಕಾದ್ದು ಅದಲ್ಲ. ನಾವು ಹತ್ತುವ ಮೊದಲು ಬಸ್ಸು ಹಾರ್ನ್ ಹಾಕುತ್ತಿತ್ತು. ಕೋಟೆ ಬಾಗಿಲಲ್ಲಿ ಮಾನವ್ವ ನನ್ನ ಚಪ್ಪಲಿಗಳನ್ನು ತಂದು ಮುಂದಿಟ್ಟಳು. ಬಗ್ಗಿ ಹಾಕಿಕೊಳ್ಳುತ್ತಿದ್ದೆ. ಮೇಲೆ ಅವಳ ದನಿ ಕೇಳಿತು, ಯಾರಿಗೂ ಕೇಳಬಾರದೆಂಬಂತೆ.

"ನಮ್ಮವ್ವನ ದನಿ ಒಮ್ಮೆ ಮಾಡ್ತೀರೇನ್ರಿ? ಎರಡು ವರ್ಷ ಆತು ಕೇಳಿ. ನಾ ಒಬ್ಬಾಕಿನ ಕೇಳಿಲ್ಲ. ಊರ ಮಂದಿ ಎಲ್ಲ ಕೇಳ್ಯಾರ."

ಎದ್ದು ನಿಂತೆ. ದನಿ ಗಂಟಲಲ್ಲೇ ಇತ್ತು, ಮೂಗು, ಕೊಡ ಇಳಿಸುವ ಕೊನೆಯಕ್ಷರ, ಎಲ್ಲ. ಬಾಯಿ ತೆರೆದೆ. ಏನನ್ನು ಹೇಳುವುದು? ಆ ದನಿಯಲ್ಲಿ ನನಗೆ ಗೊತ್ತಿದ್ದದ್ದು ಸುಣ್ಣದ ಮಾತೊಂದು, ಸೂಜಿಯ ಮಾತೊಂದು. ತಾಯಿ ಮಗಳಿಗೆ ಹೇಳುವ ಒಂದು ಮಾತೂ ನನ್ನ ಹತ್ತಿರ ಇರಲಿಲ್ಲ.

"ನಿಮ್ಮನ್ನ ಏನಂತ ಕರೀತಿದ್ರು?" ಎಂದೆ, ನನ್ನ ದನಿಯಲ್ಲಿ.

ಮಾನವ್ವನ ತುಟಿ ಅಲುಗಿತು. ಹೇಳಿಯೇಬಿಡುತ್ತಾಳೆ ಅನಿಸಿತು. ಆಮೇಲೆ ಮಗುಚಿದ್ದ ಬಟ್ಟಲನ್ನು ನೆಟ್ಟಗೆ ಮಾಡಿ, ತಾಯಿಯ ಚಪ್ಪಲಿಗಳನ್ನು ಹಲಗೆಯ ಮೇಲಿಟ್ಟು, ನನಗೆ ಬೆನ್ನು ಮಾಡಿ ಕೂತು ತಳದಲ್ಲಿ ಉಳಿದ ಎಣ್ಣೆ ತಿಕ್ಕತೊಡಗಿದಳು.

"ಬ್ಯಾಡ ಬಿಡ್ರಿ" ಎಂದಳು.